ಮಾಳಿಗೆಯ ಮೇಲಿನ ಬಿಳಿ ದುಪ್ಪಟಿ

ಮುರುಗಮಲ್ಲ
26 ಫೆಬ್ರವರಿ 1987

ಪ್ರೀತಿಯ ಗುಲ್ಷನ್‌ಗೆ,

ಅಮ್ಮಿಯ ಸಲಾಂ, ಮನಸಾರೆ ದುವಾ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ತಡವಾದದ್ದಕ್ಕೆ ಶಾಲೆಯ ಪರೀಕ್ಷೆಯ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ, ಅಷ್ಟೇ. ಉರ್ದುವಿನಲ್ಲಿ ಬರೆದರೆ ನೀನು ಹಾಸ್ಟೆಲಿನಲ್ಲಿ ಯಾರ ಕೈಯಲ್ಲೋ ಓದಿಸಿಕೊಳ್ಳುತ್ತೀಯೆ. ನಿನ್ನನ್ನು ನಾನು ಪಾಠ ಮಾಡುವ ಕನ್ನಡ ಶಾಲೆಗೇ ಹಾಕಿದ್ದರ ಫಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾಗದಕ್ಕೆ ಸಹಿ ಹಾಕಬೇಡ.

ನಿಮ್ಮ ಫ್ಲೈಯಿಂಗ್ ಕ್ಲಬ್ಬಿನ ಕಾರ್ಯದರ್ಶಿ ಟೈಪು ಮಾಡಿಸಿ ಕೊಟ್ಟದ್ದನ್ನು ನೀನು ನಕಲು ಮಾಡಿ ಕಳಿಸಿದ್ದೆಯಲ್ಲ, ಅದನ್ನು ಹತ್ತು ಸಲ ಓದಿದೆ. ‘ಮನೆಯ ತೊಂದರೆಗಳಿಂದ ನನ್ನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಆದ್ದರಿಂದ ಮಿಲಿಟರಿಯವರ ನಿಷೇಧಿತ ಆಕಾಶದೊಳಕ್ಕೆ ವಿಮಾನ ನುಗ್ಗಿಸಿದೆ. ಸ್ವಂತ ಇಚ್ಛೆಯಿಂದ ತರಬೇತಿ ಬಿಡುತ್ತಿದ್ದೇನೆ.’ ಮೂರು ವಾಕ್ಯ, ಮೂರೂ ಸುಳ್ಳು. ನಮ್ಮ ಮನೆಯಲ್ಲಿ ಏನು ತೊಂದರೆ? ನಿಮ್ಮ ಅಬ್ಬಾ ತೀರಿಹೋಗಿ ಒಂಬತ್ತು ವರ್ಷವಾಯಿತು. ಆಗ ಕೆಡದ ನಿನ್ನ ಮನಸ್ಸು ಈಗ ಕೆಟ್ಟಿತೇ? ಇದಕ್ಕೆ ಸಹಿ ಹಾಕಿದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಗುತ್ತದೆ. ನಾಳೆ ಯಾವ ಊರಿನ ಕ್ಲಬ್ಬೂ ನಿನಗೆ ವಿಮಾನ ಮುಟ್ಟಲು ಬಿಡುವುದಿಲ್ಲ.

ತಪ್ಪಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದು ಎಲ್ಲಿಂದ ಶುರುವಾಯಿತು ಎನ್ನುವುದನ್ನು ಕ್ಲಬ್ಬಿನವರು ಮಾರ್ಚ್ ಐದಕ್ಕೆ ಇಟ್ಟಿರುವ ವಿಚಾರಣೆಯಲ್ಲಿ ಹಾಗೆಯೇ ಹೇಳು. ಚಿಂತಾಮಣಿಯವರೆಗೆ ಒಬ್ಬಳೇ ಹೋಗಿ ಬರುವ ಪಾಠ ಇದೆ ಎಂದು ನೀನು ಬರೆದಾಗ, ‘ಅಷ್ಟು ದೂರ ಬಂದವಳು ಮನೆಯ ಮೇಲೆ ಒಂದು ಸುತ್ತು ಬರಬಾರದೇನೇ’ ಎಂದು ಕೇಳಿದವಳು ನಾನು. ಗುರುತಿಗೆ ಮಾಳಿಗೆಯ ಮೇಲೆ ಎರಡು ಬಿಳಿ ದುಪ್ಪಟಿ ಹಾಸಿರುತ್ತೇನೆ ಎಂದವಳೂ ನಾನು. ಹದಿನಾಲ್ಕನೇ ತಾರೀಖು ಶನಿವಾರ ಶಾಲೆಗೆ ರಜೆ ಹಾಕಿ, ಮೂಲೆ ಮೂಲೆಗೆ ಕಲ್ಲು ಹೇರಿ, ದುಪ್ಪಟಿ ಹಾಸಿ ಕೂತೆ. ದರ್ಗಾಕ್ಕೆ ಬಂದ ಜನ ಗುರುವಾರ, ಶುಕ್ರವಾರ ಉಳಿದು ಹೋದ ಮೇಲೆ, ಬಾಡಿಗೆ ಕೋಣೆಗಳವರೆಲ್ಲ ಶನಿವಾರ ಬೆಳಿಗ್ಗೆ ಹಾಸಿಗೆಬಟ್ಟೆ ಒಗೆದು ಮಾಳಿಗೆಗಳ ಮೇಲೆ ಹರಡುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ! ಮಕ್ಕಳಿಗೆ ನಕಾಶೆ ಓದುವುದು ಕಲಿಸುವ ಟೀಚರಮ್ಮನ ಬುದ್ಧಿ ನೋಡು.

ನೀನು ಬಂದಾಗ ಪಕ್ಕದ ಕೋಣೆಗಳ ಚಿಕ್ಕವೆಂಕಟಮ್ಮ ಒದ್ದೆ ಬಟ್ಟೆ ಬಿಸಾಕಿ ಕುಣಿದಾಡಿಬಿಟ್ಟಳು. “ಅಯ್ಯೋ, ನಮ್ ಗುಲ್ಷನ್ನು ಕಣಮ್ಮಾ! ಚೂಡಮ್ಮಾ, ಎಷ್ಟು ಕೆಳಗ್ ಬಂದವ್ಳೆ!” ಎಂದು ತೆಲುಗು ಬೆರೆಸಿ ಊರಿಗೆಲ್ಲ ಕೂಗಿದಳು. ನಾನು ಸೆರಗು ಬಿಚ್ಚಿ ಬೀಸಿದೆ, ಈ ವಯಸ್ಸಿನಲ್ಲಿ. ನೀನು ಒಂದಲ್ಲ, ನಾಲ್ಕು ಸುತ್ತು ಹಾಕಿದೆ. ಪ್ರೀತಿಗೆ ಹಾಕುತ್ತಿದ್ದಾಳೆ ಎಂದು ಹಿಗ್ಗಿದೆ. ಊರ ತುಂಬ ಬಿಳಿ ದುಪ್ಪಟಿಗಳ ನಡುವೆ ನೀನು ನನ್ನನ್ನು ಹುಡುಕುತ್ತಿದ್ದೆ ಎಂದು ಗೊತ್ತಾದದ್ದು ನಿನ್ನ ಕಾಗದ ಬಂದ ಮೇಲೆ. ನಾನು ನಿನ್ನನ್ನು ಕಂಡೆ, ನೀನು ನನ್ನನ್ನು ಕಾಣಲೇ ಇಲ್ಲ. ಅದನ್ನು ಓದಿ ಅತ್ತೆ.

ಆಮೇಲೆ ನೀನು ಹೊತ್ತಾಯಿತೆಂದು ಗಾಬರಿಯಲ್ಲಿ ಹಿಂತಿರುಗಿದೆ, ಮಬ್ಬು ಕವಿದಿತ್ತು, ನಂದಿಯ ಪಕ್ಕದ ಬೆಟ್ಟವನ್ನೇ ನಂದಿಯೆಂದುಕೊಂಡು ದಾರಿ ತಪ್ಪಿದೆ, ಆರು ನಿಮಿಷ ಮಿಲಿಟರಿಯವರ ಆಕಾಶದಲ್ಲಿದ್ದೆ, ರೇಡಿಯೋದಲ್ಲಿ ಕೂಗಿದ ತಕ್ಷಣ ಹೊರಗೆ ಬಂದೆ. ಇಷ್ಟೇ ತಾನೆ? ಹೋದ ವರ್ಷ ಯಾರೋ ಎಸ್ಟೇಟಿನವರ ಮಗ ಅದೇ ಗೆರೆ ದಾಟಿದಾಗ ಹತ್ತು ಗಂಟೆ ಹೆಚ್ಚಿನ ಪಾಠ ಹೇಳಿಸಿ ಬಿಟ್ಟರೆಂದು ನೀನೇ ಬರೆದಿದ್ದೀಯೆ. ಅವನಿಗೆ ಪಾಠ, ನಿನಗೆ ಬಾಗಿಲು. ಯಾಕೆಂದು ವಿಚಾರಣೆಯಲ್ಲಿ ಕೇಳು. ಮರ್ಯಾದೆಯಿಂದ ಕೇಳು, ಆದರೆ ಕೇಳು. ನನ್ನ ಶಾಲೆಯಲ್ಲಿ ಮಗು ಲೆಕ್ಕ ತಪ್ಪಿದರೆ ಸ್ಲೇಟು ಒರೆಸಿ ಮತ್ತೆ ಮಾಡಿಸುತ್ತೇನೆ. ಸ್ಲೇಟು ಕಿತ್ತುಕೊಂಡು ಮನೆಗೆ ಅಟ್ಟುವುದಿಲ್ಲ.

ನಿನ್ನ ಮಾಮೂ ಶಿಡ್ಲಘಟ್ಟದಿಂದ ಓಡಿ ಬಂದಿದ್ದ. ಗಂಡೊಂದು ನೋಡಿದ್ದಾನಂತೆ, ರೇಷ್ಮೆ ವ್ಯಾಪಾರದವರು. “ಹೆಣ್ಮಗು ಆಕಾಶಕ್ಕೆ ಹತ್ತಿದ್ರೆ ಹಿಂಗೇ ಆಗೋದು ಆಪಾ. ಸೈನ್ ಹಾಕ್ಸಿ ಕರ್ಕೊಂಡ್ ಬಂದ್ಬಿಡು” ಅಂದ. “ಅಮಾನುಲ್ಲಾ, ನಿನ್ ಲಾರಿ ಚಿಕ್ಕಬಳ್ಳಾಪುರದಲ್ಲಿ ಒನ್‌ವೇ ಒಳಗ್ ನುಗ್ತಲ್ಲ, ಆಗ ಡ್ರೈವರ್‌ಗೆ ಮದ್ವೆ ಮಾಡ್ಸಿದ್ಯೇನೋ?” ಅಂದೆ. ಟೀ ಕುಡಿಯದೆ ಎದ್ದು ಹೊರಟ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಕುಡಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ವಂಶ ನಮ್ಮದಲ್ಲ ಎಂದು ಅವನಿಗೆ ಇನ್ನೊಂದು ಸಲ ಹೇಳಬೇಕಾಗುತ್ತದೆ.

ಅದಕ್ಕೆ ಮುಂಚೆ, ಹದಿನಾರನೇ ತಾರೀಖು, ಒಬ್ಬ ಇನ್‌ಸ್ಪೆಕ್ಟರು ಬಂದಿದ್ದರು. ದುಪ್ಪಟಿಯ ವಿಷಯ ಯಾರೋ ಹೇಳಿದ್ದರು. “ಏನ್ ಟೀಚರಮ್ಮಾ, ನಿಮ್ಮೋರು ಯಾರಾದ್ರೂ ಹೊರಗಡೆ ಇದಾರಾ?” ಎಂದು ಕೇಳಿದರು. “ಇದಾರೆ ಸಾರ್, ನಮ್ ಅಕ್ಕ ಹಿಂದೂಪುರದಲ್ಲಿದಾಳೆ” ಅಂದೆ. ಕಾನ್‌ಸ್ಟೇಬಲ್ಲು ನಕ್ಕುಬಿಟ್ಟ. “ಮಾಳಿಗೆ ಮೇಲೆ ಹಾಸಿದ್ರಂತಲ್ಲ, ಅದ್ಯಾರಿಗೆ ಸಿಗ್ನಲ್ಲು?” ಅಂದರು. “ನನ್ ಮಗಳಿಗೆ ಸಾರ್. ಕರ್ದಿದ್ದು ನಾನೇ. ಬರ್ಕೊಳ್ಳಿ” ಅಂದೆ. ಬರೆದುಕೊಂಡು, ನನ್ನ ಸಹಿ ತೆಗೆದುಕೊಂಡು ಹೋದರು.

ಇನ್ನು ಬೇರೆ ಸುದ್ದಿ. ಚಿಕ್ಕವೆಂಕಟಮ್ಮನ ಮಗಳಿಗೆ ಗಂಡು ಮಗು. ನಮ್ಮ ಹೆಡ್ ಮಾಸ್ತರು ವೆಂಕಟರವಣಪ್ಪನವರು ನಿನ್ನನ್ನು ಕೇಳಿದರು. “ಆ ಹುಡ್ಗಿ ಏಳನೇ ಕ್ಲಾಸ್ನಲ್ಲೇ ನನ್ ಲೆಕ್ಕದಲ್ಲಿ ತಪ್ಪು ಹಿಡ್ದಿದ್ಳು. ಬಿಡಲ್ಲ ಅವ್ಳು” ಅಂದರು. ಸರಿಯಾಗಿ ಊಟ ಮಾಡುತ್ತಿದ್ದೀಯಾ? ವಿಚಾರಣೆಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗು. ಅಳು ಬಂದರೆ ಅಳು, ಆದರೆ ಪೆನ್ನು ಹಿಡಿಯಬೇಡ. ನೀನು ಗೆದ್ದರೂ ಸೋತರೂ ನನ್ನ ಮಗಳೇ.

ಖುದಾ ನಿನ್ನನ್ನು ಚೆನ್ನಾಗಿಟ್ಟಿರಲಿ. ನೀನು ಏರಿದಷ್ಟೂ ಎತ್ತರಕ್ಕೆ ನನ್ನ ದುವಾ ಬರುತ್ತದೆ.

ನಿನ್ನ ಅಮ್ಮಿ,
ಶಮ್ಸುನ್ನೀಸಾ

ತಾ.ಕ.: ಮಡಿಚಿ ಅಂಟಿಸುವ ಮುಂಚೆ ಮತ್ತೆ ಬಿಚ್ಚಿದೆ. ಕರೆದದ್ದು ನಾನೇ ಎಂದು ಇನ್‌ಸ್ಪೆಕ್ಟರಿಗೆ ಹೇಳಿದೆ ಎಂದು ಮೇಲೆ ಬರೆದಿದ್ದೇನಲ್ಲ, ಹೇಳಲಿಲ್ಲ ಮಗಳೇ. ಹಾಗೆ ಹೇಳಬೇಕಿತ್ತು. ಹಿಂದೂಪುರದ ಮಾತೊಂದು ನಿಜ, ಅದೂ ತಮಾಷೆಗಲ್ಲ, ಹೆದರಿ ಬಾಯಿಗೆ ಬಂದದ್ದು. ದುಪ್ಪಟಿ ಒಗೆದು ಹಾಕಿದ್ದೆ ಅಂದೆ. ಮತ್ತೆ ಅವರು, “ಹಂಗಾದ್ರೆ ನಿಮ್ ಮಗಳು ಇಲ್ಲಿಗ್ ಯಾಕ್ ಬಂದ್ಳು?” ಎಂದು ಕೇಳಿದರು. “ನಂಗೊತ್ತಿಲ್ಲ ಸಾರ್, ಅವ್ಳು ನನ್ ಮಾತು ಕೇಳಲ್ಲ” ಅಂದೆ. ಅದನ್ನೇ ಬರೆದುಕೊಂಡರು, ಅದಕ್ಕೇ ನಾನು ಸಹಿ ಹಾಕಿದ್ದು. ನೀನು ಕೇಳಿದ್ದು ನನ್ನ ಮಾತೊಂದನ್ನೇ. ನಾನು ಸುಳ್ಳಿಗೆ ಸಹಿ ಹಾಕಿದ್ದು ಎರಡು ನಿಮಿಷದ ಕೆಲಸ, ಅಂದಿನಿಂದ ಅನ್ನ ಇಳಿಯುತ್ತಿಲ್ಲ. ನಿನಗೆ ಬೇಡ ಎಂದು ಇಷ್ಟು ಜೋರಾಗಿ ಹೇಳುತ್ತಿರುವುದು ಅದಕ್ಕೇ. ವಿಚಾರಣೆಯಲ್ಲಿ ಆ ಹೇಳಿಕೆಯನ್ನು ಓದುತ್ತಾರಂತೆ. ಓದುವಾಗ ನೀನು ತಲೆ ತಗ್ಗಿಸಬೇಡ. ಮಾರ್ಚ್ ಐದರಂದು ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ನಿಂತು, ಸುಳ್ಳು ಹೇಳಿದವಳು ತಾಯಿ, ಮಗಳಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ.