ಟೇಪಿನೊಳಗೆ ಎರಡು ಬೆರಳು

ಜನವರಿ 9
ಇವತ್ತೂ ಗುಂಡಿ ಹೊಲಿಯುವ ಕೆಲಸವೇ. ಇಡೀ ಟೈಲರ್ ಅಂಗಡಿಗೆ ನಾನು ಕತ್ತರಿಯಮ್ಮ ಆಗಿದ್ದೆ. ಈಗ ಗುಂಡಿಯಮ್ಮ! ಮುಟ್ಟು ನಿಂತ ಮೇಲೆ ಶುರುವಾದ ಈ ಹಾಳು ಸೆಖೆ... ಹೋದ ವಾರ ಕತ್ತರಿಸುತ್ತಿದ್ದ ಬಿಳಿ ರೇಷ್ಮೆಯ ಮೇಲೆ ಬೆವರು ತೊಟ್ಟಿಕ್ಕಿತು. ಕಲೆ ಹೋಗಲಿಲ್ಲ. ಮಾಲೀಕರು ಬೈಯಲಿಲ್ಲ. "ಸ್ವಲ್ಪ ದಿನ ಕಟಿಂಗ್ ಬೇರೆಯವರು ನೋಡ್ಕೊಳ್ಳಲಿ ಬಿಡಿ," ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಜನವರಿ 14
ಡಾಕ್ಟರಮ್ಮ ಎಲ್ಲ ಪರೀಕ್ಷೆ ನೋಡಿ ಹಾರ್ಮೋನ್ ಪ್ಯಾಚ್ ಬರೆದರು. ಕಿಬ್ಬೊಟ್ಟೆಗೆ ಅಂಟಿಸಿಕೊಳ್ಳಬೇಕು, ಜೊತೆಗೊಂದು ಮಾತ್ರೆ. ರಕ್ತದ ಸಕ್ಕರೆ ಬೇರೆ ಕಾಯಿಲೆಯ ಗಡಿಯಲ್ಲಿದೆಯಂತೆ. "ಪ್ಯಾಚ್ ಸೆಖೆಗೆ. ಸಕ್ಕರೆಗೆ ನಡೀಬೇಕು, ಊಟ ನೋಡ್ಕೋಬೇಕು. ಎಲ್ಲಾ ಪ್ಯಾಚೇ ಮಾಡ್ಲಿ ಅಂತ ಕೂರಬೇಡಿ."
ಸೊಂಟದ ಅಳತೆ ಬೇಕು — ನರ್ಸಿಗೆ ಟೇಪ್ ಸಿಗಲಿಲ್ಲ. ನನ್ನ ಕೊರಳಲ್ಲೇ ಇತ್ತಲ್ಲ! ನಾನೇ ಸುತ್ತಿ ಹೇಳಿದೆ.
ಮನೆಯಲ್ಲಿ ಅಕ್ಕ: "ಈ ವಯಸ್ಸಲ್ಲಿ ಹಾರ್ಮೋನಾ? ಹೋದ ಯೌವನ ವಾಪಸ್ ಬರುತ್ತೆ ಏನೇ?"
ಯೌವನ ಯಾರಿಗೆ ಬೇಕು, ಕತ್ತರಿ ವಾಪಸ್ ಬಂದರೆ ಸಾಕು ಅಂದೆ.

ಫೆಬ್ರವರಿ 20
ರಾತ್ರಿಯಿಡೀ ನಿದ್ದೆ. ಬೆಳಿಗ್ಗೆ ದಿಂಬು ಒಣಗಿತ್ತು. ಮುಟ್ಟಿ ಮುಟ್ಟಿ ನೋಡಿದೆ. ನಿದ್ದೆಯಾದರೆ ನಡೆಯಲು ಕಾಲು ತಾನಾಗಿ ಏಳುತ್ತದೆ.

ಏಪ್ರಿಲ್ 16
ಕ್ಲಿನಿಕ್. ಈ ಸಲ ನರ್ಸೇ ಅಳೆದಳು. ಡಾಕ್ಟರಮ್ಮ ಹುಬ್ಬೇರಿಸಿದರು. "ಇಷ್ಟೊಂದು ಇಳಿದಿದ್ದೀರಾ?"
ಆಗ ಹೊಳೆಯಿತು. ಜನವರಿಯಲ್ಲಿ ನಾನೇ ಅಳೆದಾಗ ಟೇಪಿನೊಳಗೆ ಎರಡು ಬೆರಳು ಇಟ್ಟಿದ್ದೆ! ಬಟ್ಟೆಗೆ ಸಡಿಲ ಬಿಡುವ ಅಭ್ಯಾಸ, ಕೈ ತಾನೇ ಮಾಡಿಬಿಟ್ಟಿದೆ. ಸುಮ್ಮನಿದ್ದಿದ್ದರೆ ಶಹಬಾಸ್‌ಗಿರಿ ಸಿಗುತ್ತಿತ್ತು. ಆದರೆ ಅಳತೆಯಲ್ಲಿ ಸುಳ್ಳು ನನ್ನಿಂದಾಗದು. ಹೇಳಿಬಿಟ್ಟೆ.
ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. "ಆ ಎರಡು ಬೆರಳಿನ ಲೆಕ್ಕ ಕಳೆದ್ರೂ ಒಂಚೂರು ಇಳಿದಿದ್ದೀರ. ರಕ್ತದ ಪರೀಕ್ಷೇಲಿ ಬೆರಳಿಡೋಕೆ ಆಗಲ್ಲ — ಸಕ್ಕರೆ ಗಡಿಯಿಂದ ಕೆಳಗೆ ಬಂದಿದೆ."
ಕಣ್ಣು ತುಂಬಿತು. ಹೆಮ್ಮೆಯಾಯಿತು, ಯಾಕೆ ಮುಚ್ಚಿಡಲಿ? ನಡೆದದ್ದು ನನ್ನ ಕಾಲೇ ತಾನೆ.

ಏಪ್ರಿಲ್ 18, ಮಧ್ಯಾಹ್ನ
ಅಂಗಡಿಯಲ್ಲೇ ಬರೆಯುತ್ತಿದ್ದೇನೆ. ಅಕ್ಕ ಅಳತೆ ಕೊಡಲು ಬಂದಿದ್ದಳು. ಫ್ಯಾನ್ ಜೋರಾಗಿದ್ದರೂ ಅವಳ ಬೆನ್ನೆಲ್ಲ ಒದ್ದೆ. ಮೆಲ್ಲಗೆ ಕೇಳಿದಳು: "ಆ ಡಾಕ್ಟರಮ್ಮನ ಹತ್ರ ನನ್ನೂ ಕರ್ಕೊಂಡು ಹೋಗ್ತೀಯೇನೇ?" ನಗು ತಡೆದುಕೊಂಡೆ. ನಾಳೆಯೇ ಹೋಗೋಣ ಅಂದೆ.
ಕಟಿಂಗ್ ಟೇಬಲ್ ಮೇಲೆ ಬಿಳಿ ರೇಷ್ಮೆ ಹಾಸಿದ್ದಾರೆ. ಯಾರು ಕತ್ತರಿಸುತ್ತಾರೋ... ಮಾಲೀಕರು ಕೂಗುತ್ತಿದ್ದಾರೆ —
"ಕತ್ತರಿಯಮ್ಮಾ! ಎಲ್ಲಿದ್ದೀರಿ?"
ಅಂಗೈ ನೋಡಿಕೊಂಡೆ. ಒಣಗಿದೆ. ಉಳಿದದ್ದು ಆಮೇಲೆ ಬರೆ—