ಹದಿನಾಲ್ಕನೇ ಪ್ರಶ್ನೆಯ ಉತ್ತರ

ಮಾರ್ಚ್ 12, ಶುಕ್ರವಾರ
ಲಾಂಡ್ರಿ ಕೋಣೆ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ,

ದುಡಿಯಲು ಕರೆಸಿಕೊಂಡವರಿಗೆ ಓದಬೇಡಿ ಎನ್ನುವುದು ಅನ್ಯಾಯ. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಎಲ್ಲ ಆಮೇಲೆ. ಹೆಂಗಸಿನ ಎರಡು ಕೈ ಬೇಕು, ತಲೆ ಬೇಡ ಎಂದರೆ ಅದು ಕಾನೂನಾಗಿರಬಹುದು, ನ್ಯಾಯವಲ್ಲ. ಈ ಮಾತನ್ನು ಯಾವ ಅಧಿಕಾರಿಯ ಮುಂದೆ ಬೇಕಾದರೂ ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಬರೀ ಕಾಗದದ ಮೇಲೆ ಬರೆಯುವಾಗಲೇ ಮೂರು ಸಲ ಹೊಡೆದು ಹಾಕಿದ್ದೇನೆ. ಹಾಳೆ ನೋಡಿದರೆ ನಿಮಗೇ ತಿಳಿಯುತ್ತದೆ.

ನಮಸ್ಕಾರ ಅಕ್ಕ. ನೀವು ಹೇಗಿದ್ದೀರಿ ಎಂದು ಕೇಳಲು ನನಗೆ ಹನ್ನೊಂದು ದಿನ ಬೇಕಾಯಿತು, ಕ್ಷಮಿಸಿ. ಎರಡು ಸಲ ನೀವೀಗ ಹೋಗಿ ಉಳಿದಿರುವ ನಿಮ್ಮ ಅಕ್ಕನ ಮನೆಯ ಬೀದಿಯವರೆಗೂ ಬಂದು, ಮೂಲೆಯ ಅಂಗಡಿಯಲ್ಲಿ ಬೇಡದ ಸಾಬೂನು ಕೊಂಡು ವಾಪಸು ಹೋದೆ. ಫೋನು ಮಾಡಿದರೆ ನಿಮ್ಮ ದನಿ ಕೇಳಬೇಕಾಗುತ್ತದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ನಿಮ್ಮ ಭಾವ ತಡೆದು ನಿಲ್ಲಿಸಿದರು. "ಏನಮ್ಮಾ, ಅವಳನ್ನ ಮರೆತೇಬಿಟ್ಯಾ? ಸರಿಯಾಗಿ ಊಟ ಮಾಡ್ತಿಲ್ಲ, ಪುಸ್ತಕಾನೆಲ್ಲ ಹಾಸಿಗೆ ಕೆಳಗೆ ತಳ್ಳಿಟ್ಟಿದ್ದಾಳೆ" ಎಂದರು. ಈ ಪತ್ರವನ್ನು ಅವರ ಕೈಗೇ ಕೊಡುತ್ತೇನೆ. ಸಂಜೆಯೊಳಗೆ ನಿಮಗೆ ಸಿಗುತ್ತದೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ನಿಮ್ಮ ಪ್ರಕರಣ ನೋಡುತ್ತಿರುವ ಕಾನೂನು ನೆರವಿನ ಕೋಣೆಯ ಹೆಂಗಸಿಗೆ ನೀವಿದನ್ನು ಓದಿ ಹೇಳಬೇಕು, ಅದಕ್ಕೆ. ಕಡತ ಬಿಟ್ಟರೆ ಅವರಿಗೆ ನಾವು ಯಾರು, ಏನು ಎತ್ತ, ಒಂದೂ ತಿಳಿಯದು.

ನಾವಿಬ್ಬರೂ ಕೆಲಸದ ವೀಸಾದ ಮೇಲೆ ಬಂದವರು. ನೀವು ಆರು ವರ್ಷದ ಹಿಂದೆ, ನಾನು ಎರಡು ವರ್ಷದ ಹಿಂದೆ. ಈ ಆಸ್ಪತ್ರೆಯ ಹಾಸುಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಮಡಚುವುದು ನಮ್ಮ ಕೆಲಸ. ಕಾರ್ಮಿಕ ಸಂಘದ ಕೋಣೆಯ ಅಲಮಾರಿಯಲ್ಲಿ ಹಳೆಯ ಕರಪತ್ರಗಳ ಕಟ್ಟು ಸಿಕ್ಕಿದ್ದು ನನಗೆ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಸಾಬೂನು ಪುಡಿಯ ಮೂಟೆಗಳ ಮೇಲೆ ಕೂತು ಅಷ್ಟನ್ನೂ ಓದಿದೆ. ಅದರಲ್ಲೊಂದು ಹೇಳಿತ್ತು: ಕೆಲಸದ ವೀಸಾದವರು ಕೆಲಸದ ವೇಳೆಯ ಹೊರಗೆ ಯಾವ ಸಂಸ್ಥೆಯಲ್ಲಾದರೂ ಓದಬಹುದು, ಯಾರ ಅನುಮತಿಯೂ ಬೇಡ. ಕೊನೆಯ ಪುಟ ಹರಿದುಹೋಗಿತ್ತು. ಅಚ್ಚಾದ ವರ್ಷ ಆ ಪುಟದಲ್ಲಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅಚ್ಚಾದದ್ದೆಲ್ಲ ನಿಜ ಎಂದು ನಂಬುವ ವಯಸ್ಸು ನನ್ನದು.

ನಾನು ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದೆ. ಅಷ್ಟಕ್ಕೆ ಸುಮ್ಮನಿರಲಾಗಲಿಲ್ಲ. ಅದೇ ಮಾತು ಎತ್ತಿಕೊಂಡು ನಾನೇ ಒಂದು ಕರಪತ್ರ ಬರೆದೆ. 'ಓದುವುದು ಅಪರಾಧವಲ್ಲ' ಎಂದು ದಪ್ಪಕ್ಷರದಲ್ಲಿ ತಲೆಬರಹ ಹಾಕಿ, ನಲವತ್ತು ಪ್ರತಿ ತೆಗೆಸಿ, ಎಲ್ಲರ ಬಟ್ಟೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಮೇಸ್ತ್ರಿ (ಮಾತುಮಾತಿಗೂ ಮಣಿಕಟ್ಟು ನೋಡಿಕೊಳ್ಳುವ ಅವರನ್ನು ನಾವು ಗಡಿಯಾರಪ್ಪ ಎನ್ನುತ್ತೇವೆ) ಒಂದು ಪ್ರತಿ ಕಿತ್ತು ತಂದು ನನ್ನ ಮುಂದೆ ಹಿಡಿದರು.

"ನೀನು ಬಂದಿರೋದು ಓದೋಕೋ, ಒಗಿಯೋಕೋ?"

"ಒಗೆದು ಮುಗಿಸಿದ ಮೇಲೆ ಓದೋಕೆ" ಎಂದೆ. ಎಲ್ಲರೂ ನಕ್ಕರು. ನಲವತ್ತು ಪ್ರತಿಯಲ್ಲಿ ಮೂವತ್ತೊಂಬತ್ತು ನಗುವಿನಲ್ಲೇ ಮುಗಿದವು. ಒಂದನ್ನು ಮಾತ್ರ ನೀವು ಬಿಡಿಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡಿರಿ.

ಮಾರನೆಯ ದಿನ ಹಾಸುಬಟ್ಟೆ ಮಡಚುವಾಗ ಕೇಳಿದಿರಿ. ಈ ಕೆಲಸ ಆ ಹೆಂಗಸಿಗೆ ತಿಳಿಯಲಿ ಎಂದು ಬರೆಯುತ್ತೇನೆ: ಇಬ್ಬರು ಎರಡು ತುದಿ ಹಿಡಿದು ದೂರ ನಿಲ್ಲುತ್ತೇವೆ, ಜಗ್ಗಿ ಬಿಗಿ ಮಾಡುತ್ತೇವೆ, ಆಮೇಲೆ ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಸೇರಿಸುತ್ತೇವೆ. ಯಂತ್ರಗಳ ಸದ್ದಿನಲ್ಲಿ ಅಂಚು ಸೇರುವ ಆ ಗಳಿಗೆಯಲ್ಲಿ ಮಾತ್ರ ಮಾತು ಕೇಳಿಸುತ್ತದೆ. ಒಂದು ಹಾಸುಬಟ್ಟೆಗೆ ಒಂದು ಮಾತು.

"ನನ್ನಂಥೋಳೂ ಸೇರಬಹುದೇನೆ?" ಎಂದಿರಿ. ಅದು ಒಂದು ಹಾಸುಬಟ್ಟೆ.

"ಯಾಕಾಗಬಾರದು?" ಎಂದೆ. ಅದು ಇನ್ನೊಂದು.

"ನಲವತ್ತಮೂರು ಕಣೆ ನಂಗೆ. ಮೇಷ್ಟ್ರಿಗಿಂತ ನಾನೇ ದೊಡ್ಡೋಳಾಗಿರ್ತೀನಿ."

"ಹಾಗಾದ್ರೆ ಅವರೇ ನಿಮಗೆ ಎದ್ದು ನಿಲ್ಲಲಿ."

ನೀವು ನಕ್ಕು ಬಟ್ಟೆಯ ಅಂಚು ಕೈಬಿಟ್ಟಿರಿ. ಗಡಿಯಾರಪ್ಪ ಮಣಿಕಟ್ಟು ನೋಡಿಕೊಂಡರು.

ಹೀಗೆ ಆಗಸ್ಟಿನಲ್ಲಿ ನೀವೂ ಸೇರಿದಿರಿ. ಅರ್ಜಿ ತುಂಬಿದ್ದು ನಾನು. ವೀಸಾ ಯಾವುದು ಎಂದಿದ್ದಲ್ಲಿ 'ವಿದ್ಯಾರ್ಥಿ', 'ಇತರೆ' ಎಂದು ಎರಡೇ ಚೌಕ ಇದ್ದವು. 'ಇತರೆ'ಗೆ ಗುರುತು ಹಾಕಿದವಳೂ ನಾನೇ. ಸಾರ್ವಜನಿಕ ಆರೋಗ್ಯದ ತರಗತಿ, ಮೂರನೇ ಸಾಲಿನ ಬೆಂಚು, ಇಬ್ಬರಿಗೂ ಒಂದೇ ಪುಸ್ತಕ. ಪಾಠವನ್ನು ಮಾರನೆಯ ದಿನ ಹಾಸುಬಟ್ಟೆಯ ಎರಡು ತುದಿಯಿಂದ ಒಪ್ಪಿಸಿಕೊಳ್ಳುತ್ತಿದ್ದೆವು. ಸೋಂಕು ಹೇಗೆ ಹರಡುತ್ತದೆ ಎಂಬ ಪಾಠ ಮುಗಿದ ದಿನ ನೀವು ಹೇಳಿದ್ದು ನೆನಪಿದೆಯೇ? "ಇಷ್ಟು ವರ್ಷ ಒಗೆದೆ. ಏನನ್ನ ಒಗೀತಾ ಇದ್ದೆ ಅಂತ ಈಗ ಗೊತ್ತಾಯ್ತು ನೋಡು." ಆವತ್ತಿನಿಂದ ನೀವು ಕೈಗವಸು ಇಲ್ಲದೆ ಯಾರನ್ನೂ ಬುಟ್ಟಿ ಮುಟ್ಟಲು ಬಿಡಲಿಲ್ಲ. ಅವರಲ್ಲಿ ಇಬ್ಬರಿಗೆ ಕೈಯ ತುರಿಕೆ ನಿಂತಿತು. "ಪ್ರೊಫೆಸರಮ್ಮ ಬಂದ್ರು, ಕೈ ತೋರಿಸ್ರೇ" ಎಂದು ಆಡಿಕೊಂಡರೂ ಕೈಗವಸು ಹಾಕಿದರು. ಯಾರಾದರೂ ಓದಿನಿಂದ ಏನು ಬಂತು ಎಂದು ಕೇಳಿದರೆ ಇದನ್ನು ಹೇಳಿ.

ಫೆಬ್ರುವರಿಯಲ್ಲಿ ನಿಮ್ಮ ವೀಸಾ ನವೀಕರಣ ಬಂತು. ಅರ್ಜಿಯನ್ನು ನನ್ನ ಸಹಾಯವಿಲ್ಲದೆ ನೀವೇ ತುಂಬಿದಿರಿ. ಮಾರನೆಯ ದಿನ ಹಾಸುಬಟ್ಟೆಯ ಆ ತುದಿಯಿಂದ ನಗುತ್ತಾ ನಡೆದು ಬಂದಿರಿ. "ಹದಿನಾಲ್ಕನೇ ಪ್ರಶ್ನೆ ಇತ್ತು ಕಣೆ, ಉದ್ಯೋಗದ ಹೊರತು ಇಲ್ಲಿ ಬೇರೆ ಏನು ಮಾಡುತ್ತೀರಿ ಅಂತ. ಎಲ್ಲಾರೂ ಖಾಲಿ ಬಿಡ್ತಾರೆ. ನಾನು ಬರೆದೆ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ, ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತೆಂಟು."

ಆಗ ನಾನು ಅಂಚು ಸೇರಿಸಿ, ಬಟ್ಟೆ ತೆಗೆದುಕೊಂಡು ಗಾಡಿಗೆ ಹಾಕಿದೆ.

ಮೂರು ವಾರಕ್ಕೆ ನೋಟಿಸು ಬಂತು. ವೀಸಾದ ಷರತ್ತು ಮೀರಿದ್ದೀರಿ, ಹದಿನಾರನೇ ತಾರೀಖು ಒಂಬತ್ತೂಕಾಲಕ್ಕೆ ವಿಚಾರಣೆಗೆ ಬನ್ನಿ, ಅಲ್ಲಿಯವರೆಗೆ ಕೆಲಸಕ್ಕೆ ಹೋಗಕೂಡದು. ಸಂಘದ ಆ ಹಳೆಯ ಕರಪತ್ರ ಅಚ್ಚಾದ ಮೇಲೆ ನಿಯಮ ಬದಲಾಗಿತ್ತು. ಈಗ ತರಗತಿಗೆ ಸೇರುವ ಮೊದಲೇ ವಲಸೆ ಕಚೇರಿಯಿಂದ ಲಿಖಿತ ಅನುಮತಿ ಬೇಕು. ನಮ್ಮಿಬ್ಬರಲ್ಲಿ ಯಾರ ಬಳಿಯೂ ಅದಿಲ್ಲ. ನಿಮ್ಮ ವೀಸಾ ಹೋದರೆ ನಿಮ್ಮ ಹೆಸರಿನ ಮೇಲೆ ಹಾಕಿದ ಮಗಳ ವೀಸಾ ಅರ್ಜಿಯೂ ಹೋಗುತ್ತದೆ. ಆರು ವರ್ಷದಿಂದ ಫೋನಿನಲ್ಲೇ ಬೆಳೆದ ಮಗಳು ಈ ಬೇಸಿಗೆಗೆ ನಿಮ್ಮ ಹತ್ತಿರ ಬರಬೇಕಾಗಿತ್ತು. ಅವಳಿಗೆಂದು ನೀವು ಹೊಲಿದಿಟ್ಟ ಪರದೆ ನಿಮ್ಮ ಕೋಣೆಯ ಕಿಟಕಿಯಲ್ಲಿ ಇನ್ನೂ ಹಾಗೇ ಇದೆ. ಬಸ್ಸಿನಿಂದ ಕಾಣಿಸುತ್ತದೆ. ನಾನೀಗ ಆ ಕಡೆಯ ಸೀಟಿನಲ್ಲಿ ಕೂರುವುದಿಲ್ಲ.

ನನ್ನ ಭಯದ ವಿಷಯ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ದಿನಾ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಲಕೋಟೆ ಬಿದ್ದಿದೆಯೇ ಎಂದು ಹಾಸಿಗೆಯಿಂದಲೇ ನೋಡುತ್ತೇನೆ. ಸೋಮವಾರ ತರಗತಿಯ ಮಧ್ಯೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರೊಬ್ಬರು ಒಳಗೆ ಬಂದು ಮೂರನೇ ಸಾಲನ್ನೇ ನೋಡಿದರು. ನಿಮ್ಮ ಜಾಗ ಖಾಲಿ ಇತ್ತು, ನನ್ನದೂ ಖಾಲಿ ಇರಬಾರದಿತ್ತೇ ಅನ್ನಿಸಿತು. ಅವರು ಬೆಂಚಿನ ಮೇಲೆ ಹತ್ತಿ, ಉರಿಯದ ದೀಪ ಬದಲಾಯಿಸಿ, "ಅಡಚಣೆಯಾಯ್ತು, ಕ್ಷಮಿಸಿ" ಎಂದು ಹೋದರು. ಎಲ್ಲರೂ ಮತ್ತೆ ಬರೆಯತೊಡಗಿದರು. ನನಗೆ ಪೆನ್ನಿನ ಮುಚ್ಚಳ ತೆಗೆಯಲೂ ಆಗಲಿಲ್ಲ. ದೇಶದೇಶಗಳ ಕಾರ್ಮಿಕರ ಧೈರ್ಯದ ಬಗ್ಗೆ ಅಷ್ಟೆಲ್ಲ ಓದಿದವಳು ನಾನು. ಅವರೂ ಬಾಗಿಲ ಸಂದಿ ನೋಡುತ್ತಿದ್ದರೇ ಎಂದು ಯಾವ ಕರಪತ್ರದಲ್ಲೂ ಬರೆದಿಲ್ಲ.

ನಿನ್ನೆ ಕಾನೂನು ನೆರವಿನ ಕೋಣೆಗೆ ಹೋಗಿದ್ದೆ. ಅವರು ನಿಮ್ಮ ಕಡತ ತೆಗೆದು, ಕನ್ನಡಕ ಹಣೆಗೇರಿಸಿ ಹೇಳಿದರು: "ಮೋಸ ಮಾಡೋಳು ಅರ್ಜಿಲಿ ಅಂಕ ಬರೀತಾಳೇನಮ್ಮಾ? ತಪ್ಪು ಮಾಹಿತಿ ನಂಬಿ ಸೇರಿದ್ರು ಅಂತ ತೋರಿಸಿದ್ರೆ ಎಚ್ಚರಿಕೆ ಕೊಟ್ಟು ಬಿಡಬಹುದು. ಆ ಕರಪತ್ರ ಬೇಕು. ಬರೆದವರೇ ಬಂದು ಹೇಳಿದ್ರೆ ಇನ್ನೂ ಗಟ್ಟಿ."

"ಬರೆದವರಿಗೆ ಏನಾಗುತ್ತೆ?" ಎಂದು ಕೇಳಿದೆ.

"ಅವರ ವೀಸಾ ಯಾವುದು ಅನ್ನೋದರ ಮೇಲಿದೆ. ಯಾರವರು?"

ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. "ವಿಚಾರಿಸಿ ಹೇಳ್ತೀನಿ" ಎಂದೆ. ವಿಚಾರಿಸಲು ಒಂದು ದಿನ ಹಿಡಿಯಿತು. ಈಗ ಹೇಳುತ್ತಿದ್ದೇನೆ: ನಾನು ಬರುತ್ತೇನೆ. ನಾನು ಕೈಯಲ್ಲಿ ಬರೆದ ಮೂಲ ಪ್ರತಿ ನನ್ನ ಕಪಾಟಿನಲ್ಲಿದೆ, ಅದನ್ನು ತರುತ್ತೇನೆ. ಬರೆದವಳು ನಾನು, ಅರ್ಜಿ ತುಂಬಿದವಳು ನಾನು, ಅದೇ ಬೆಂಚಿನಲ್ಲಿ ಅದೇ ವೀಸಾದ ಮೇಲೆ ಕೂತವಳೂ ನಾನು ಎಂದು ಹೇಳುತ್ತೇನೆ. ಜೂನಿನಲ್ಲಿ ನನ್ನ ಪರೀಕ್ಷೆ ಇತ್ತು. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಹೀಗೆ ಬರೆಯುವುದು ಸುಲಭ. ಬರೆದ ಮೇಲೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ.

ನಿಮ್ಮ ಮಗಳಿಗೆ ನನ್ನ ಆಶೀರ್ವಾದ. ಅವಳಿಗಿಂತ ಆರೇ ವರ್ಷಕ್ಕೆ ದೊಡ್ಡವಳಾದ ನನಗೆ ಆಶೀರ್ವದಿಸುವ ಹಕ್ಕು ಇದೆಯೋ ಇಲ್ಲವೋ, ಅವಳು ಆ ಪರದೆ ಸರಿಸಿ ಬೀದಿ ನೋಡುವಂತಾಗಲಿ. ನಿಮ್ಮ ಕೈಗೆ ಬೇಗ ಕೆಲಸ ಸಿಗಲಿ, ಪುಸ್ತಕವೂ ಸಿಗಲಿ. ಹಾಸಿಗೆಯ ಕೆಳಗಿನಿಂದ ಅದನ್ನು ತೆಗೆಯಿರಿ ಅಕ್ಕ, ಧೂಳು ಹಿಡಿಯುತ್ತದೆ. ನನ್ನ ಎದುರಿನ ತುದಿ ಹಿಡಿಯಲು ಈಗ ದಿನಕ್ಕೊಬ್ಬರು ಬರುತ್ತಾರೆ, ಯಾರ ಅಂಚೂ ನನ್ನ ಅಂಚಿಗೆ ಕೂಡುವುದಿಲ್ಲ.

ನಿಮ್ಮ
ಪ್ರೊಫೆಸರಮ್ಮನ ಜೊತೆಗಾತಿ

ಮತ್ತೆ: ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೇನೆ. ಆಗಸ್ಟಿನಲ್ಲಿ ನಿಮ್ಮ ಅರ್ಜಿ ಕೊಡುವ ಹಿಂದಿನ ಸಂಜೆ ವಿಶ್ವವಿದ್ಯಾಲಯದ ಕೌಂಟರಿನ ಗಾಜಿಗೆ ಹೊಸ ನಿಯಮದ ಪ್ರಕಟಣೆ ಅಂಟಿಸಿದ್ದರು. ನಾನು ಅದನ್ನು ಓದಿದೆ. ಎರಡು ಸಲ ಓದಿದೆ. ಹೇಳಿದರೆ ನನ್ನ ಕರಪತ್ರ ಸುಳ್ಳಾಗುತ್ತಿತ್ತು, ಗಡಿಯಾರಪ್ಪನ ಮುಂದೆ ನಾನು ನಗೆಪಾಟಲಾಗುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಬೆಂಚಿನಲ್ಲಿ ಒಬ್ಬಳೇ ಕೂರಲು ನನಗೆ ಹೆದರಿಕೆಯಾಗಿತ್ತು ಅಕ್ಕ. ನೀವು ಜೊತೆಗಿರಲಿ ಅನ್ನಿಸಿತು. ಜನವರಿಯಲ್ಲಿ ನನ್ನ ನವೀಕರಣದ ಅರ್ಜಿಯಲ್ಲೂ ಹದಿನಾಲ್ಕನೇ ಪ್ರಶ್ನೆ ಇತ್ತು. ನಾನು ಅದನ್ನು ಖಾಲಿ ಬಿಟ್ಟೆ. ನನ್ನನ್ನು ಉಳಿಸಿಕೊಳ್ಳುವಷ್ಟು ನನಗೆ ಗೊತ್ತಿತ್ತು. ನಿಮಗೆ ಹೇಳಲಿಲ್ಲ.

ಈ ಭಾಗವನ್ನೂ ಆ ಹೆಂಗಸಿಗೆ ಓದಿ ಹೇಳಿ, ಬಿಡಬೇಡಿ. ಓದಿದ ಮೇಲೆ ನನ್ನ ಮುಖ ನೋಡಲು ನಿಮಗೆ ಮನಸ್ಸಾಗದಿದ್ದರೆ ನೀವು ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ. ಹೇಳಬೇಕಾದ್ದನ್ನು ಮಾತ್ರ ಹೇಳದೆ ಹೋಗುವುದಿಲ್ಲ. ಕರಪತ್ರ ನನ್ನ ಕೈಯಲ್ಲಿರುತ್ತದೆ. ವಲಸೆ ಕಚೇರಿಯ ಎದುರಿನ ಬಸ್ ನಿಲ್ದಾಣ, ಮಂಗಳವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಎಂಟೂವರೆ.