ಮೊದಲು ಎತ್ತಿದ ಕೈ

ಬ್ರನೋ, ಜೂನ್ 1911

ಮುದ್ದಿನ ಅನೆಷ್ಕಾಗೆ ಮಾತೇಯ್ ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ನಮ್ಮ ಸೋಶಿಯಲ್ ಡೆಮಾಕ್ರಟ್ ಪಕ್ಷ ಒಡೆದು ಚೆಕ್ಕರು ಬೇರೆ, ಜರ್ಮನ್ನರು ಬೇರೆ ಆದ ಮೇಲೆ ಜರ್ಮನ್ ಹುಡುಗನನ್ನು ಮದುವೆಯಾದರೆ ಮಾವ ತಲೆ ತಗ್ಗಿಸಬೇಕಾಗುತ್ತದೆ, ಲಿಯೊಪೋಲ್ಡನಿಗೆ ಉಂಗುರ ಹಿಂತಿರುಗಿಸುತ್ತೇನೆ ಎಂದು ಬರೆದಿದ್ದೀಯ. ಸ್ವಲ್ಪ ತಡಿ.

ಪಕ್ಷದ ಜೊತೆಗೆ ಗಿರಣಿಯ ನಮ್ಮ ಹಾಡುಗಾರರ ತಂಡವೂ ಒಡೆಯಿತು. ಮೇಲಿನ ದನಿಯವರೆಲ್ಲ ಜರ್ಮನ್ನರು, ತಗ್ಗು ದನಿಯವರೆಲ್ಲ ನಾವು. ನನ್ನ ದನಿಗೆ ಗಿರಣಿಯ ಗಾಜು ಅದುರುತ್ತದೆ, ಅದು ಊರಿಗೇ ಗೊತ್ತು. ಆದರೆ ಕಳೆದ ಭಾನುವಾರ ನಾವಷ್ಟೇ ಹಾಡಿದಾಗ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ನಿನ್ನ ಅತ್ತೆ, "ಏನ್ರೀ, ಕೊಟ್ಟಿಗೇಲಿ ಎತ್ತುಗಳಿಗೆ ಹಸಿವಾಗಿದ್ಯಾ?" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೊದಲೆಲ್ಲ ಹಾಡುವಾಗ ಲಿಯೊಪೋಲ್ಡ್ ನಿಲ್ಲುತ್ತಿದ್ದದ್ದು ನನ್ನ ಎಡಕ್ಕೇ.

ನಿನಗೆ ಹೇಳದ ಮಾತೊಂದಿದೆ. ಪಕ್ಷ ಒಡೆಯೋಣವೇ ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ. ಮೂರು ತರಗತಿ ಓದಿದವನಿಗೆ ಜರ್ಮನ್ ಭಾಷಣ ತಲೆಗೆ ಹತ್ತುತ್ತಿರಲಿಲ್ಲ, ಗೊತ್ತಾದವನಂತೆ ತಲೆಯಾಡಿಸಿ ಸಾಕಾಗಿತ್ತು. ಸಭೆ ನಮ್ಮ ಭಾಷೆಯಲ್ಲಿ ನಡೆದರೆ ಸಾಕು ಎಂದುಕೊಂಡೆ. ಆ ಕೈ ನಿನ್ನ ಉಂಗುರದವರೆಗೂ ಚಾಚುತ್ತದೆಂದು ಹೊಳೆಯಲಿಲ್ಲ, ಮಗಳೇ.

ಉಂಗುರ ಬಿಚ್ಚಬೇಡ. ಭಾನುವಾರ ಅವನನ್ನು ಕರೆದುಕೊಂಡು ಊಟಕ್ಕೆ ಬಾ. ಅತ್ತೆ ಬಾತುಕೋಳಿ ಹುರಿಯುತ್ತಾಳೆ, ಹುಳಿ ಬರಿಸಿದ ಕೋಸೂ ಇರುತ್ತದೆ. ಕೈ ಎತ್ತಿದವನು ನಾನೇ ಎಂದು ಅವನಿಗೆ ಮೊದಲೇ ಹೇಳಿರು. ಬೈಯುವುದಿದ್ದರೆ ಅವನ ಭಾಷೆಯಲ್ಲೇ ಬೈಯಲಿ. ನೀನು ನನ್ನ ಪಕ್ಕ ಕೂತು ಅರ್ಥ ಹೇಳು. ಮೆತ್ತಗೆ ಮಾಡಿ ಮಾತ್ರ ಹೇಳಬೇಡ.

ನಿನ್ನ ದಾರಿ ನೋಡುತ್ತಿರುವ,
ಮಾತೇಯ್ ಮಾವ